ಅಂಗೈಗೆ ಸಿಗದ ನೆಗ್ಗು

ಇದು ನಡೆದದ್ದು ಹೋದ ವರ್ಷದ ಆಷಾಢದಲ್ಲಿ. ಆಷಾಢ ಬಂತೆಂದರೆ ನನ್ನಂಥ ಬ್ಲೌಸ್ ಹೊಲಿಯುವವರಿಗೆ ಕೈಯಲ್ಲಿ ಕೆಲಸವಿರುವುದಿಲ್ಲ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಸೀರೆ ಉಡುವುದಕ್ಕೆ ಒಂದು ನೆಪವೂ ಇಲ್ಲ. ಶ್ರಾವಣದಲ್ಲಿ ಊಟಕ್ಕೂ ಪುರುಸೊತ್ತಿರದ ನಾನು ಆಷಾಢದಲ್ಲಿ ಕಾಜಾ ಹಾಕುತ್ತಾ ಬೀದಿ ನೋಡಿಕೊಂಡು ಕೂತಿರುತ್ತೇನೆ. ನನ್ನ ಅಂಗಡಿ ಗೋವಿಂದರಾಜನಗರದ ಒಂದು ಅಡ್ಡರಸ್ತೆಯಲ್ಲಿದೆ. ಅಲ್ಲಿ ಬೀದಿ ನೋಡುವುದೆಂದರೆ ಎದುರಿಗಿರುವ ಮುನಿರಾಜು ಅವರ ಶೆಡ್ ನೋಡುವುದು ಎಂದೇ ಲೆಕ್ಕ.

ಮುನಿರಾಜು ಕಾರುಗಳ ನೆಗ್ಗು ತೆಗೆದು ಬಣ್ಣ ಹೊಡೆಯುತ್ತಾರೆ. ಬಣ್ಣ ಹೊಡೆಯುವುದು ಕೊನೆಯ ಸ್ವಲ್ಪ ಹೊತ್ತಿನ ಕೆಲಸ. ಅದಕ್ಕೆ ಮುಂಚೆ ಇರುವುದೆಲ್ಲ ಬರೀ ಉಜ್ಜುವುದು. ತಗ್ಗು ಮುಚ್ಚಲು ಪುಟ್ಟಿ ಬಳಿಯುತ್ತಾರೆ, ಒಣಗಿದ ಮೇಲೆ ಉಜ್ಜುತ್ತಾರೆ, ಮತ್ತೆ ಬಳಿಯುತ್ತಾರೆ, ಮತ್ತೆ ಉಜ್ಜುತ್ತಾರೆ. ಆ ಪುಟ್ಟಿಯ ಧೂಳು ರಸ್ತೆ ದಾಟಿ ಬಂದು ನನ್ನ ಅಂಗಡಿಯ ರೇಷ್ಮೆ ಬ್ಲೌಸ್ ಪೀಸುಗಳ ಮೇಲೆ ಕೂರುತ್ತದೆ. ಇದಕ್ಕಾಗಿ ನಾವಿಬ್ಬರೂ ಎಷ್ಟು ವರ್ಷದಿಂದ ಜಗಳ ಆಡಿದ್ದೇವೋ ನೆನಪಿಲ್ಲ. ನಾನು ಬಾಯಿ ತೆಗೆದರೆ ಬೀದಿಯ ಆ ತುದಿಯವರೂ ಕಿಟಕಿ ತೆರೆಯುತ್ತಾರೆ. ಮುನಿರಾಜು ಉತ್ತರ ಕೊಡುವ ಬದಲು ರೇಡಿಯೋ ಜೋರು ಮಾಡುತ್ತಾರೆ. ಅವರೇನೂ ಸಾಧು ಮನುಷ್ಯರಲ್ಲ. ಮಾಗಡಿ ರೋಡಿನಿಂದ ಮೈಸೂರು ರೋಡಿನವರೆಗೆ ತನ್ನಂಥ ಕೈ ಇನ್ನೊಂದಿಲ್ಲ ಎಂದು ಬಂದ ಗಿರಾಕಿಗಳಿಗೆಲ್ಲ ತಾವೇ ಹೇಳಿಕೊಳ್ಳುತ್ತಾರೆ.

ಎಲ್ಲಕ್ಕಿಂತ ನನಗೆ ಮೈ ಉರಿಯುತ್ತಿದ್ದದ್ದು ಇನ್ನೊಂದಕ್ಕೆ. ಯಾವ ಕಾರು ಬಂದರೂ ಕೆಲಸ ಆಗಬೇಕಾದ ಭಾಗವನ್ನು ನನ್ನ ಅಂಗಡಿಯ ಕಡೆಗೇ ತಿರುಗಿಸಿ ನಿಲ್ಲಿಸುತ್ತಿದ್ದರು. ಶೆಡ್ಡಿಗೆ ಮೂರು ಕಡೆ ಜಾಗವಿದ್ದರೂ ಉಜ್ಜುವುದು ಮಾತ್ರ ನನ್ನ ಮುಖಕ್ಕೆ ಎದುರಾಗಿ. ನಿಮಗೆ ಬೇರೆ ದಿಕ್ಕೇ ಇಲ್ಲವೇ ಎಂದು ಒಮ್ಮೆ ಕೇಳಿದ್ದಕ್ಕೆ, ನನಗೆ ಇದೇ ದಿಕ್ಕು ಅಕ್ಕ ಎಂದು ನಕ್ಕುಬಿಟ್ಟರು. ಬೇಕೆಂದೇ ಮಾಡುತ್ತಿದ್ದಾರೆ ಎಂದುಕೊಂಡೆ. ದೀಪಾವಳಿಯೊಳಗೆ ಷಟ್ಟರ್ ತೆಗೆಸಿ ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿಬಿಡಬೇಕು, ಧೂಳೂ ಬರುವುದಿಲ್ಲ, ಈ ಮನುಷ್ಯನ ರೇಡಿಯೋವೂ ಕೇಳುವುದಿಲ್ಲ ಎಂದು ತೀರ್ಮಾನ ಮಾಡಿದ್ದೆ.

ಇಂಥವರ ಹತ್ತಿರ ನಾನು ಒಂದು ದಿನ ಕಾರು ತೆಗೆದುಕೊಂಡು ಹೋಗಿ ಕೈಮುಗಿದು ನಿಲ್ಲಬೇಕಾಯಿತು. ಅದಕ್ಕೆ ಕಾರಣ ನನ್ನ ಮಗಳು ಸಹನ.

ಆಗ ನಮ್ಮ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರಿಗೆ ಒಂದು ಹಳೆಯ ಬಿಳಿ ಕಾರಿತ್ತು. ನಮ್ಮನ್ನೆಲ್ಲ ಕೂರಿಸಿಕೊಂಡು ಎಲ್ಲಿಗಾದರೂ ಹೊರಟರೆ ಅವರ ಮುಖದಲ್ಲಿ ಒಂದು ಗತ್ತು ಬರುತ್ತಿತ್ತು. ಸಹನಳಿಗೆ ಅದರಲ್ಲೇ ಡ್ರೈವಿಂಗ್ ಕಲಿಸಿದ್ದರು. ಅವರು ತೀರಿಕೊಂಡ ದಿನ ಅಪ್ಪ ಮಗಳು ಕೆಂಗೇರಿಯ ನೆಂಟರ ಮನೆಯಿಂದ ವಾಪಸ್ಸು ಬರುತ್ತಿದ್ದರು. ಮೈಸೂರು ರೋಡಿನಲ್ಲಿ ಮೆಟ್ರೋ ಲೈನಿನ ಪಕ್ಕ ಬರುವಾಗ ಗಾಡಿ ಓಡಿಸುತ್ತಿದ್ದ ಇವರು ಎದೆ ಹಿಡಿದುಕೊಂಡರಂತೆ. ಎಡಗಡೆ ಬಸ್ಸು ನಿಂತಿತ್ತು, ಜನ ಇಳಿಯುತ್ತಿದ್ದರು. ಇವರು ಗಾಡಿಯನ್ನು ಬಲಕ್ಕೆ ಎಳೆದು, ಮೆಟ್ರೋ ಕಂಬದ ಸುತ್ತಲಿನ ಕಾಂಕ್ರೀಟ್ ಕಟ್ಟೆಗೆ ತಮ್ಮ ಕಡೆಯ ಮಡ್‌ಗಾರ್ಡನ್ನು ಒತ್ತಿ ನಿಲ್ಲಿಸಿಬಿಟ್ಟರು. ಹ್ಯಾಂಡ್‌ಬ್ರೇಕ್ ಕೂಡ ಎಳೆದಿದ್ದರು. ಆಮೇಲೆ ಅವರ ಕೈ ಸ್ಟೀರಿಂಗಿನಿಂದ ಜಾರಿತು. ಮಗಳು ಕೂತಿದ್ದ ಕಡೆಗೆ ಒಂದು ಗೀರೂ ಬಿದ್ದಿರಲಿಲ್ಲ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಕಾರಿಗೆ ಆಗಿದ್ದು ಒಂದೇ ನೆಗ್ಗು. ಬಲಗಡೆ ಮುಂದಿನ ಮಡ್‌ಗಾರ್ಡಿನಲ್ಲಿ, ಊಟದ ತಟ್ಟೆಯಷ್ಟು ಅಗಲ. ಅದರ ಮೇಲೆ ಕವರ್ ಹೊದಿಸಿ ಮನೆ ಮುಂದೆ ನಿಲ್ಲಿಸಿದೆವು. ಆಗಾಗ ನಮ್ಮ ಮೈದುನ ಬಂದು ಬ್ಯಾಟರಿ ಸತ್ತುಹೋಗದಂತೆ ಸ್ಟಾರ್ಟ್ ಮಾಡಿ, ಇದನ್ನು ಗುಜರಿಗೆ ಹಾಕಿ ಅತ್ತಿಗೆ ಎಂದು ಹೇಳಿ ಹೋಗುತ್ತಿದ್ದ. ಸಹನಳೂ ಕೊಟ್ಟುಬಿಡು ಎನ್ನುತ್ತಿದ್ದಳು. ಅವಳಿಗೆ ಕಾರೊಂದೇ ಅಲ್ಲ, ಆಟೋ ಹತ್ತುವುದಕ್ಕೂ ಆಗುತ್ತಿರಲಿಲ್ಲ. ಕೆಂಗೇರಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಅವಳ ಕೆಲಸ. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ಹೋಗಿ, ವಾಪಸ್ಸು ಅಲ್ಲೇ ಇಳಿದು ಮನೆಯವರೆಗೆ ನಡೆದೇ ಬರುತ್ತಿದ್ದಳು. ಮಳೆ ಬಂದರೂ ನಡಿಗೆಯೇ.

ಆ ಆಷಾಢದ ಒಂದು ಸಂಜೆ ತೊಪ್ಪೆಯಾಗಿ ನೆನೆದು ಬಂದಳು. ಮಾರನೆಯ ದಿನ ಜ್ವರ. ಕಷಾಯದ ಲೋಟ ಹಿಡಿದುಕೊಂಡು ನಾನು ರೇಗಿದೆ. ಇನ್ನೂ ಎಷ್ಟು ದಿನ ಹೀಗೆ, ಅಪ್ಪ ನಿನಗೆ ಗಾಡಿ ಕಲಿಸಿದ್ದು ಇದಕ್ಕೇನಾ ಎಂದೆಲ್ಲ ಬಾಯಿಗೆ ಬಂದದ್ದು ಬೈದೆ. ಅವಳು ಗೋಡೆ ಕಡೆ ತಿರುಗಿಕೊಂಡು ಮೆಲ್ಲಗೆ ಹೇಳಿದಳು.

"ಗಾಡಿ ಅಲ್ಲಮ್ಮ ನಂಗೆ ಭಯ. ಆ ನೆಗ್ಗು. ಅದು ಕಣ್ಣಿಗೆ ಬಿದ್ರೆ ಅಪ್ಪನ ಕೈ ಜಾರಿದ್ದು ಕಾಣತ್ತೆ. ಆಟೋಲಿ ಕೂತ್ರೂ ಅದೇ ಕಾಣತ್ತೆ."

ನೆಗ್ಗು ತೆಗೆಸಿಬಿಟ್ಟರೆ ಕೂರುತ್ತೀಯಾ ಎಂದು ಕೇಳಿದೆ. ಅವಳು ಈ ಕಡೆ ತಿರುಗಿದಳು.

"ತೆಗೆಸಿದ್ರೆ ನೋಡ್ತೀನಿ. ಆದ್ರೆ ಅದು ಎಲ್ಲಿತ್ತು ಅಂತ ನಂಗೆ ಗೊತ್ತು ಕಣಮ್ಮ. ಎಷ್ಟು ಮುಚ್ಚಿದ್ರೂ ನನ್ನ ಕೈಗೆ ಸಿಕ್ಕೇ ಸಿಗತ್ತೆ."

ಎರಡು ವರ್ಷದಲ್ಲಿ ಅವಳ ಬಾಯಲ್ಲಿ "ನೋಡ್ತೀನಿ" ಎಂಬ ಮಾತು ಬಂದಿದ್ದು ಅದೇ ಮೊದಲು. ನನಗೆ ಅಷ್ಟು ಸಾಕಾಗಿತ್ತು. ಮೈದುನನಿಗೆ ಫೋನು ಮಾಡಿ ಕಾರನ್ನು ಮುನಿರಾಜುವಿನ ಶೆಡ್ಡಿಗೆ ತರಿಸಿದೆ.

ಜಗಳಗಂಟಿ ಹೆಂಗಸು ಮೆತ್ತಗೆ ಮಾತಾಡುವುದನ್ನು ನೋಡಿ ಮುನಿರಾಜು ಮೊದಲು ನಂಬಲಿಲ್ಲ. ಆಮೇಲೆ ರೇಡಿಯೋ ಸಣ್ಣಗೆ ಮಾಡಿ ಪೂರ್ತಿ ಕೇಳಿಸಿಕೊಂಡರು. ನಮ್ಮ ಯಜಮಾನರು ಅವರಿಗೆ ಗೊತ್ತಿದ್ದವರೇ, ಮಣ್ಣಿಗೂ ಬಂದಿದ್ದರು. ನೆಗ್ಗಿನ ಮೇಲೆ ಅಂಗೈ ಇಟ್ಟು ಆ ಕಡೆಯಿಂದ ಈ ಕಡೆಗೆ ಸವರಿ, ಸ್ವಲ್ಪ ಹೊತ್ತು ಆಕಾಶ ನೋಡಿದರು. ಕಣ್ಣಿಗೆ ಕಾಣದ ಹಾಗೆ ಮಾಡುವುದು ಸುಲಭ ಅಕ್ಕ, ಆದರೆ ಎಲ್ಲಿತ್ತು ಎಂದು ಗೊತ್ತಿರುವವರ ಕೈಗೆ ಸಿಗದ ಹಾಗೆ ಮಾಡುವುದು ಬೇರೆ ಮಾತು ಎಂದರು. ನಿಮ್ಮಿಂದ ಆಗುತ್ತದಾ ಎಂದು ಕೇಳಿದೆ. ಮಾಗಡಿ ರೋಡಿನಿಂದ ಮೈಸೂರು ರೋಡಿನವರೆಗೆ ಎಂದು ಶುರು ಮಾಡಿದವರು ಯಾಕೋ ಅರ್ಧಕ್ಕೇ ನಿಲ್ಲಿಸಿ, ಬಿಟ್ಟು ಹೋಗಿ ಎಂದಷ್ಟೇ ಹೇಳಿದರು.

ಮಾರನೆಯ ಬೆಳಿಗ್ಗೆ ನಾನು ಮಿಷನ್ ಮುಂದೆ ಕೂತಿದ್ದಾಗ ಸುತ್ತಿಗೆಯ ಮೊದಲ ಪೆಟ್ಟು ಕೇಳಿಸಿತು. ಮುನಿರಾಜು ಚಕ್ರದ ಮೇಲಿನ ಸಂದಿಯಿಂದ ಒಳಗೆ ಕೈ ಹಾಕಿ, ಹೊರಗೆ ಒಂದು ಕಬ್ಬಿಣದ ಗಟ್ಟಿ ಹಿಡಿದುಕೊಂಡು, ತಗಡನ್ನು ಒಳಗಿನಿಂದ ಬಡಿದು ಈಚೆಗೆ ತರುತ್ತಿದ್ದರು. ಸಣ್ಣ ಸಣ್ಣ ಪೆಟ್ಟು. ಪೆಡಲ್ ಮೇಲಿದ್ದ ನನ್ನ ಕಾಲು ನಿಂತಿತು. ಮಗಳಿಗೆ ಆ ನೆಗ್ಗು ಅಪ್ಪ ಸತ್ತ ಜಾಗ. ಆದರೆ ನನಗೆ ಅದು ಹಾಗಿರಲಿಲ್ಲ ಎಂಬುದು ಆಗಲೇ ನನಗೂ ಗೊತ್ತಾದದ್ದು. ಪ್ರಾಣ ಹೋಗುವ ಹೊತ್ತಿನಲ್ಲೂ ಆ ಮನುಷ್ಯ ಮಗಳ ಕಡೆಗೆ ತಾಗದ ಹಾಗೆ ಗಾಡಿ ತಿರುಗಿಸಿದ್ದರು. ಅವರು ಕೊನೆಯದಾಗಿ ಮಾಡಿದ ಕೆಲಸದ ಗುರುತು ಅದು. ಎರಡು ವರ್ಷದಿಂದ ಯಾರೂ ಇಲ್ಲದಾಗ ಕವರ್ ಎತ್ತಿ ನಾನು ಅದರ ಮೇಲೆ ಕೈಯಿಡುತ್ತಿದ್ದೆ. ಈಗ ನಾನೇ ಅದನ್ನು ಅಳಿಸುವುದಕ್ಕೆ ಕೊಟ್ಟಿದ್ದೆ. ಮಿಷನ್ನನ್ನು ಜೋರಾಗಿ ತುಳಿದು ಆ ಸದ್ದು ಕೇಳದ ಹಾಗೆ ಮಾಡಿಕೊಂಡೆ. ಮಗಳಿಗಾಗಿ ಅದು ಹೋಗಲೇಬೇಕಿತ್ತು, ಬೇರೆ ದಾರಿ ಇರಲಿಲ್ಲ.

ತಗಡು ಹೆಚ್ಚುಕಡಿಮೆ ಜಾಗಕ್ಕೆ ಬಂದ ಮೇಲೆ ಪುಟ್ಟಿ ಬಳಿದರು. ಆಮೇಲೆ ಉಜ್ಜುವುದು ಶುರುವಾಯಿತು. ಇಷ್ಟು ವರ್ಷ ಬೈದುಕೊಂಡೇ ನೋಡುತ್ತಿದ್ದ ಕೆಲಸವನ್ನು ಈಗ ಮಾತ್ರ ಸರಿಯಾಗಿ ನೋಡಿದೆ. ಮುನಿರಾಜು ಉಜ್ಜುವ ಎಮರಿ ಕಾಗದವನ್ನು ಬರಿಗೈಯಲ್ಲಿ ಹಿಡಿಯುವುದೇ ಇಲ್ಲ. ಒಂದು ಮರದ ತುಂಡಿಗೆ ಸುತ್ತಿ, ಓರೆಯಾಗಿ ಒಂದು ಸಲ, ಅದಕ್ಕೆ ಅಡ್ಡಲಾಗಿ ಇನ್ನೊಂದು ಸಲ ಎಳೆಯುತ್ತಾರೆ. ಬೆರಳು ಒತ್ತಿದರೆ ಬೆರಳಷ್ಟೇ ಅಗಲದ ಹಳ್ಳ ಬೀಳುತ್ತದಂತೆ. ಈಗ ಕಾಣದಿದ್ದರೂ ಬಣ್ಣ ಹೊಳೆದ ದಿನ ಎದ್ದು ಕಾಣುತ್ತದಂತೆ.

ಒಂದು ದಿನ ನನ್ನ ಅಂಗಡಿಗೆ ಬಂದು ಹಳೆಯ ಲೈನಿಂಗ್ ಬಟ್ಟೆಯ ತುಂಡು ಕೇಳಿದರು. ಅದನ್ನು ಅಂಗೈಯಡಿ ಇಟ್ಟುಕೊಂಡು, ಕಣ್ಣುಮುಚ್ಚಿ ಮಡ್‌ಗಾರ್ಡನ್ನು ಉದ್ದಕ್ಕೂ ಸವರಿದರು. ಬಟ್ಟೆ ಇದ್ದರೆ ಕೈ ತಡೆಯದೆ ಜಾರುತ್ತದೆ, ತಗ್ಗು ಎಲ್ಲಿದೆ ಎಂದು ಚೆನ್ನಾಗಿ ತಿಳಿಯುತ್ತದೆ ಎಂದರು. ನನ್ನನ್ನೂ ಕರೆದು ನೋಡಲು ಹೇಳಿದರು. ನಾನೂ ಬಟ್ಟೆಯ ಮೇಲೆ ಕೈಯಾಡಿಸಿಯೇ ಹೊಟ್ಟೆ ಹೊರೆದವಳು, ಗೊತ್ತಾಗದೇ ಇರುತ್ತದೆಯೇ ಎಂದುಕೊಂಡು ಸವರಿದೆ. ಕನ್ನಡಿಯ ಹಾಗೆ ನುಣ್ಣಗಿತ್ತು. ಎಲ್ಲ ಸರಿ ಇದೆಯಲ್ಲ ಎಂದೆ. ಅವರು ನಕ್ಕು, ಅದರ ಮೇಲೆ ಕಪ್ಪು ಬಣ್ಣವನ್ನು ಮಂಜಿನಷ್ಟು ತೆಳ್ಳಗೆ ಹೊಡೆದರು. ಒಣಗಿದ ಮೇಲೆ ಮರದ ತುಂಡು ಹಿಡಿದು ಉಜ್ಜಿದರು. ಎಲ್ಲ ಕಡೆ ಕಪ್ಪು ಹೋಯಿತು. ನಡುವೆ ಒಂದು ಕಡೆ ಮಾತ್ರ, ಎಲೆಯ ಆಕಾರದಲ್ಲಿ, ಕಪ್ಪು ಹಾಗೇ ಉಳಿಯಿತು. ಅಲ್ಲಿ ಇನ್ನೂ ತಗ್ಗಿದ್ದುದರಿಂದ ಮರದ ತುಂಡು ಮುಟ್ಟಿಯೇ ಇರಲಿಲ್ಲ. ನನ್ನ ಅಂಗೈ ಸುಳ್ಳು ಹೇಳಿತ್ತು.

ಆ ಕಪ್ಪು ಎಲೆಯನ್ನು ನೋಡುತ್ತಾ ನಿಂತುಬಿಟ್ಟೆ. ಹೋಗಿದೆ ಎಂದುಕೊಂಡದ್ದು ಹೋಗಿರಲೇ ಇಲ್ಲ, ಅದೇ ಜಾಗದಲ್ಲಿ ಸುಮ್ಮನೆ ಕೂತಿತ್ತು. ಒಂದು ಕಡೆ ಭಯ, ಇನ್ನೊಂದು ಕಡೆ ಹೇಳಿಕೊಳ್ಳಲಾಗದ ಒಂದು ಸಮಾಧಾನ.

ಅದೇ ದಿನ ಇನ್ನೊಂದು ಸಂಗತಿ ಗೊತ್ತಾಯಿತು. ಊಟಕ್ಕೆಂದು ಷಟ್ಟರ್ ಎಳೆದು ಮನೆಗೆ ಹೊರಟವಳು, ಕನ್ನಡಕ ಮರೆತೆನೆಂದು ಅರ್ಧ ದಾರಿಯಿಂದ ವಾಪಸ್ಸು ಬಂದೆ. ಮುನಿರಾಜು ಮಡ್‌ಗಾರ್ಡಿನ ಮೇಲೆ ಒಂದು ಮಗ್ ನೀರು ಹುಯ್ದು, ಕುಕ್ಕರುಗಾಲಿನಲ್ಲಿ ಕೂತು, ಅದನ್ನೇ ದಿಟ್ಟಿಸುತ್ತಿದ್ದರು. ನಾನು ಷಟ್ಟರ್ ಎತ್ತಲು ಬಗ್ಗಿದ್ದೇ ತಡ, ಬೇಡ ಬೇಡ ಎಂದು ಕೈ ಆಡಿಸಿದರು.

"ಒಂದ್ನಿಮಿಷ ಬಿಡಿ ಅಕ್ಕ. ನನ್ನ ಸ್ಕೇಲ್ ಅದು."

ನನಗೆ ಅರ್ಥವಾಗಲಿಲ್ಲ. ಹತ್ತಿರ ಕರೆದು ತಮ್ಮ ಪಕ್ಕದಲ್ಲಿ ಬಗ್ಗಿಸಿ ತೋರಿಸಿದರು. ನೀರು ಬಿದ್ದಾಗ ಆ ಮಂಕು ಪುಟ್ಟಿಯೂ ಒಂದು ಗಳಿಗೆ ಹೊಳೆಯುತ್ತದೆ. ಆ ಹೊಳಪಿನಲ್ಲಿ ನನ್ನ ಅಂಗಡಿಯ ಷಟ್ಟರ್ ಕಾಣುತ್ತಿತ್ತು. ಒಂದರ ಕೆಳಗೊಂದು ಅದರ ಅಡ್ಡಗೆರೆಗಳು. ಹೆಡ್‌ಲೈಟಿನ ಕಡೆಯಿಂದ ನೆಟ್ಟಗೆ ಬಂದ ಗೆರೆಗಳು ಆ ತಗ್ಗಿನ ಜಾಗಕ್ಕೆ ಬಂದೊಡನೆ ಸೊಂಟ ಬಳುಕಿಸಿ ಮತ್ತೆ ನೆಟ್ಟಗಾಗುತ್ತಿದ್ದವು. ಇಷ್ಟು ವರ್ಷ ಪ್ರತಿಯೊಂದು ಕಾರನ್ನೂ ನನ್ನ ಕಡೆ ತಿರುಗಿಸಿದ್ದು ಇದಕ್ಕೆ. ನಾನು ಊಟಕ್ಕೆ ಹೋಗುವುದನ್ನೇ ಕಾಯುತ್ತಿದ್ದರಂತೆ, ಷಟ್ಟರ್ ಇಳಿದಾಗ ಮಾತ್ರ ಅವರಿಗೆ ಗೆರೆ ಸಿಗುವುದರಿಂದ. ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ. ನೀವು ಮಾತಾಡೋಕೆ ಎಲ್ಲಿ ಬಿಟ್ಟಿರಿ ಎಂದರು. ಎತ್ತಲು ಹೋಗಿದ್ದ ಷಟ್ಟರನ್ನು ಹಾಗೇ ಬಿಟ್ಟು, ಕನ್ನಡಕವಿಲ್ಲದೆಯೇ ಊಟಕ್ಕೆ ಹೋದೆ.

ಅಲ್ಲಿಂದ ಮುಂದೆ ನಮ್ಮದು ಒಂದು ಹೊಸ ಪದ್ಧತಿಯಾಯಿತು. "ಅಕ್ಕಾ, ಷಟ್ಟರ್" ಎಂದು ಎದುರಿನಿಂದ ಕೂಗು ಬರುತ್ತಿತ್ತು. ನಾನು ಕತ್ತರಿ ಕೆಳಗಿಟ್ಟು, ಹೊರಗೆ ಬಂದು ಷಟ್ಟರ್ ಇಳಿಸಿ, ರಸ್ತೆ ದಾಟಿ ಹೋಗಿ ಅವರ ಜೊತೆ ಬಗ್ಗಿ ನೋಡುತ್ತಿದ್ದೆ. ದಿನ ಕಳೆದಂತೆ ಗೆರೆಗಳ ಬಳುಕು ಕಡಿಮೆಯಾಗುತ್ತಾ ಬಂತು. ನನ್ನ ಅಂಗೈಗೂ ಬುದ್ಧಿ ಬರತೊಡಗಿತು. ಮೊದಲು ಏನೂ ತಿಳಿಯದಿದ್ದ ಕಡೆ ಈಗ ಒಂದು ಉಸಿರಿನಷ್ಟು ಇಳಿಜಾರು ಸಿಗುತ್ತಿತ್ತು. ಇಲ್ಲಿ ಇನ್ನೂ ಇದೆ ಎಂದರೆ ಮುನಿರಾಜು ಕೈಯಿಟ್ಟು ನೋಡಿ ಹೌದು ಎಂದು ತಲೆ ಆಡಿಸುತ್ತಿದ್ದರು. ಕೊನೆಗೆ ಅಡಿಬಣ್ಣವಾಗಿ ಬೂದು ಬಣ್ಣದ ಪ್ರೈಮರ್ ಹೊಡೆದು, ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಶನಿವಾರ ಬಣ್ಣ ಹೊಡೆಯುವುದು, ಭಾನುವಾರ ಸಹನಳನ್ನು ಕರೆತರುವುದು ಎಂದು ಮಾತಾಯಿತು.

ನಡುವೆ ಶುಕ್ರವಾರ ಬಂತು. ಆಷಾಢ ಶುಕ್ರವಾರ. ಶುಕ್ರವಾರ ಮಿಷನ್ನಿಗೆ ಅರಿಶಿನ ಕುಂಕುಮ ಇಡದೆ ನಾನು ಪೆಡಲ್ ಮೇಲೆ ಕಾಲಿಡುವುದಿಲ್ಲ. ಯಜಮಾನರು ಹೋದ ಮೇಲೆ ನೆಂಟರ ಪೈಕಿ ಒಬ್ಬಾಕೆ ಇನ್ನು ಅದೆಲ್ಲ ಬೇಡ ಎಂದು ಬುದ್ಧಿ ಹೇಳಲು ಬಂದಿದ್ದರು. ಗಂಡ ಹೋಗಿದ್ದು ನನಗೆ, ಮಿಷನ್ನಿಗಲ್ಲ ಎಂದು ಕಳಿಸಿದ್ದೆ. ಆ ದಿನ ಮಿಷನ್ನಿಗೆ ಇಟ್ಟು ಬಟ್ಟಲು ಕೈಯಲ್ಲಿ ಹಿಡಿದು ನಿಂತವಳಿಗೆ ಎದುರಿಗೆ ಕಾರು ಕಂಡಿತು. ಅವರಿದ್ದಾಗ ಪ್ರತಿ ಶುಕ್ರವಾರ ಅದಕ್ಕೂ ಇಡುತ್ತಿದ್ದೆ. ಮುನಿರಾಜು ಟೀ ಕುಡಿಯಲು ಹೋಗಿದ್ದರು. ನಾನು ರಸ್ತೆ ದಾಟಿ ಹೋಗಿ, ನೀರಿನಲ್ಲಿ ಕಲೆಸಿದ ಕುಂಕುಮವನ್ನು ಆ ಮಡ್‌ಗಾರ್ಡಿನ ಮೇಲೆ, ನೆಗ್ಗು ಇದ್ದ ಸರಿಯಾದ ಜಾಗದಲ್ಲಿ ದೊಡ್ಡದಾಗಿ ಇಟ್ಟೆ. ಇಟ್ಟ ಮೇಲೆ, ಬಣ್ಣಕ್ಕೆಂದು ಉಜ್ಜಿ ಸಿದ್ಧ ಮಾಡಿಟ್ಟದ್ದಲ್ಲವೇ, ಮುನಿರಾಜು ನೋಡಿದರೆ ಬೈಯುತ್ತಾರೆ ಎನ್ನಿಸಿತು. ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಬಿಟ್ಟೆ. ಏನೂ ಉಳಿದ ಹಾಗೆ ಕಾಣಲಿಲ್ಲ.

ಶನಿವಾರ ಮೋಡ ಸರಿದು ಬಿಸಿಲು ಬಿದ್ದಿತ್ತು. ಮುನಿರಾಜು ಶೆಡ್ಡಿಗೆ ಟಾರ್ಪಾಲಿನ ಪರದೆ ಕಟ್ಟಿ, ಮೂಗಿಗೆ ಬಟ್ಟೆ ಸುತ್ತಿ ಬಿಳಿ ಬಣ್ಣ ಹೊಡೆದರು. ಮುಗಿದ ಮೇಲೆ ನನ್ನನ್ನು ಕರೆದರು. ಷಟ್ಟರ್ ಇಳಿಸಿಯೇ ಹೋದೆ. ಎಂಥ ಬಿಳಿ. ಗೆರೆಗಳು ಈ ತುದಿಯಿಂದ ಆ ತುದಿಗೆ ದಾರ ಎಳೆದಷ್ಟು ನೆಟ್ಟಗಿದ್ದವು. ಇಬ್ಬರೂ ನೋಡುತ್ತಾ ನಿಂತಿದ್ದೆವು.

ಆಗ ಅದು ಶುರುವಾಯಿತು. ಮೊದಲು ನನ್ನ ಸೀರೆಯ ನೆರಳಿರಬೇಕು ಎಂದುಕೊಂಡೆ. ಸ್ವಲ್ಪ ಪಕ್ಕಕ್ಕೆ ಸರಿದೆ. ನೆರಳು ಸರಿಯಲಿಲ್ಲ. ಹಸಿ ಬಿಳಿಯ ಒಳಗಿನಿಂದ ತಿಳಿಗೆಂಪು ಬಣ್ಣವೊಂದು ನಿಧಾನವಾಗಿ ಮೇಲಕ್ಕೆ ಬರುತ್ತಿತ್ತು. ನೋಡುತ್ತಾ ನೋಡುತ್ತಾ ಗುಲಾಬಿಯಾಯಿತು, ದುಂಡಗಾಯಿತು. ನೆಗ್ಗಿದ್ದ ಜಾಗದಲ್ಲೇ, ನೆಗ್ಗಿನ ಸರಿ ನಡುವೆ. ಅವರೇ ಬಂದರು ಎನ್ನಿಸಿತು. ಅಳಿಸಬೇಡ ಎನ್ನುತ್ತಿದ್ದಾರೆ ಎನ್ನಿಸಿತು. ಈಗ ಬರೆಯುವಾಗ ನಗು ಬರಬಹುದು, ಆದರೆ ಆ ಹೊತ್ತಿನಲ್ಲಿ ನಾನು ಕೈಮುಗಿದುಬಿಟ್ಟೆ.

ಮುನಿರಾಜು ಹೋಗಿ ರೇಡಿಯೋ ಆರಿಸಿ ಬಂದರು. "ಅಕ್ಕ, ಇಲ್ಲಿ ಕುಂಕುಮ ಇಟ್ಟಿದ್ರಾ?" ಎಂದು ಕೇಳಿದರು.

ಹೌದೆಂದು ತಲೆ ಆಡಿಸಿದೆ. ಒರೆಸಿದ್ದನ್ನೂ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. ಆಯುಧಪೂಜೆ ಆದ ಮೇಲೆ ಇಂಥ ಗಾಡಿಗಳು ಬರುತ್ತಲೇ ಇರುತ್ತವಂತೆ. ಪ್ರೈಮರ್ ಬಟ್ಟೆಯ ಹಾಗೆ ಬಣ್ಣ ಹೀರಿಕೊಂಡುಬಿಡುತ್ತದೆ, ಮೇಲೆ ಬಿಳಿ ಹೊಡೆದಾಗ ಅದಕ್ಕೆ ಬೆರೆಸಿದ ಥಿನ್ನರಿಗೆ ಕುಂಕುಮ ಕರಗಿ ಎದ್ದು ಬರುತ್ತದೆ, ಇನ್ನೆಷ್ಟು ಬಿಳಿ ಹೊಡೆದರೂ ಬರುತ್ತಲೇ ಇರುತ್ತದೆ, ಬುಡದವರೆಗೆ ಉಜ್ಜಿ ಮೊದಲಿನಿಂದ ಶುರು ಮಾಡಬೇಕು ಎಂದು ಬಿಡಿಸಿ ಹೇಳಿದರು. ಕಾರಣ ತಿಳಿಯಿತು. ಆದರೂ ನನ್ನ ಬೆರಗು ಒಂದಿಷ್ಟೂ ಇಳಿಯಲಿಲ್ಲ. ಆ ಕೆಂಪನ್ನೇ ನೋಡುತ್ತಾ, ಯಾರಿಗೂ ಹೇಳದಿದ್ದನ್ನು ಆ ಜಗಳದ ಮನುಷ್ಯನಿಗೆ ಹೇಳಿಬಿಟ್ಟೆ.

"ಅವ್ರು ಕೊನೇಲಿ ಮಾಡಿದ್ದು ಅದೊಂದೇ ಕೆಲ್ಸ ಮುನಿರಾಜು. ಮಗಳನ್ನ ಉಳಿಸಿದ್ದು. ಅದನ್ನ ಉಜ್ಜಿ ಹಾಕ್ಸೋಕೆ ನಂಗೆ ಮನಸ್ಸಿಲ್ಲ. ಉಜ್ಜಿಸದೇ ಇದ್ರೆ ಮಗಳು ಉಳಿಯಲ್ಲ."

ಅವರು ಪರದೆ ಇಳಿಸಿ, ಮುಂದಿನ ಭಾನುವಾರಕ್ಕೆ ಮಗಳನ್ನು ಕರೆದುಕೊಂಡು ಬನ್ನಿ ಎಂದರು.

ಆ ವಾರ ಪೂರ್ತಿ ಮತ್ತೆ ಉಜ್ಜಿದರು. ಕೆಂಪು ಹೋಗುವವರೆಗೆ, ತಗಡಿನ ಹೊಳಪು ಕಾಣುವವರೆಗೆ ಇಳಿದರು. ಮತ್ತೆ ಪುಟ್ಟಿ, ಮತ್ತೆ ಕಪ್ಪು, ಮತ್ತೆ ಷಟ್ಟರ್. ಧೂಳು ಬಂದು ನನ್ನ ಬ್ಲೌಸ್ ಪೀಸುಗಳ ಮೇಲೆ ಕೂತಾಗ ನಾನು ಒಂದು ಮಾತೂ ಆಡದೆ ಕೊಡವಿದೆ. ಶುಕ್ರವಾರ ಅವರು ಟೀ ಕುಡಿಯಲು ಹೋಗಲೇ ಇಲ್ಲ, ಕಾರಿನ ಪಕ್ಕ ಕಾವಲು ಕೂತಿದ್ದರು.

ಭಾನುವಾರ ಸಹನ ಬಂದಳು. ರಸ್ತೆಯ ಈ ಬದಿಯಲ್ಲಿ ನನ್ನ ತೋಳು ಹಿಡಿದುಕೊಂಡು ನಿಂತಳು. ಮುನಿರಾಜು ಅಲ್ಲಿಂದಲೇ "ಅಕ್ಕಾ, ಷಟ್ಟರ್" ಎಂದರು. ಇಳಿಸಿದೆ. ಮಗಳನ್ನು ಕರೆದುಕೊಂಡು ರಸ್ತೆ ದಾಟಿದೆ.

ಬಿಳಿಯ ಮೇಲೆ ಗೆರೆಗಳು ಹೆಡ್‌ಲೈಟಿನಿಂದ ಬಾಗಿಲಿನವರೆಗೆ ಎಲ್ಲೂ ಅಲುಗದೆ ಹೋಗಿದ್ದವು. ಸಹನ ಅದನ್ನು ನೋಡಲಿಲ್ಲ. ಕಣ್ಣುಮುಚ್ಚಿದಳು. ಅಂಗೈಯನ್ನು ಸೀದಾ ಆ ಜಾಗದ ಮೇಲೆ ಇಟ್ಟಳು. ಅದೇ ಜಾಗ, ಒಂದಿಂಚು ಆಚೆಯಿಲ್ಲ, ಈಚೆಯಿಲ್ಲ. ಸವರಿದಳು. ಮುಂದಕ್ಕೆ ಹೋದಳು, ಹಿಂದಕ್ಕೆ ಬಂದಳು. ಮೇಲಿನಿಂದ ಕೆಳಕ್ಕೆ ಎಳೆದಳು. ಮೈಸೂರು ರೋಡಿನವರೆಗೆ ತನ್ನಂಥ ಕೈ ಇಲ್ಲ ಎನ್ನುವ ಮನುಷ್ಯ ಆಗ ಫಲಿತಾಂಶಕ್ಕೆ ಕಾದ ಹುಡುಗನ ಹಾಗಿದ್ದರು.

ಅವಳು ಕಣ್ಣು ತೆರೆದಳು. ಖುಷಿಯಾಗುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಗಾಬರಿಯಾಯಿತು.

"ಎಲ್ಲಮ್ಮ? ಇಲ್ಲೇ ಇತ್ತಲ್ಲ. ಅಪ್ಪ ಒತ್ತಿ ನಿಲ್ಲಿಸಿದ್ದು ಇಲ್ಲೇ ಅಲ್ವಾ?"

ನಾನೂ ಕೈಯಿಟ್ಟೆ. ಅಷ್ಟು ದಿನ ಪಳಗಿದ ಅಂಗೈ ನನ್ನದು. ಕಣ್ಣುಮುಚ್ಚಿ ಸವರಿದೆ. ಎಲ್ಲೂ ಒಂದು ಉಸಿರಿನಷ್ಟು ಇಳಿಜಾರಿರಲಿಲ್ಲ. ಹದಿನೆಂಟು ವರ್ಷ ಅವರು ಓಡಿಸಿದ ಕಾರು, ಎರಡು ವರ್ಷ ನಾನು ಕದ್ದು ಮುಟ್ಟಿದ ಜಾಗ, ಅದು ಜಗತ್ತಿನಲ್ಲಿ ಇರಲೇ ಇಲ್ಲವೇನೋ ಎನ್ನುವಷ್ಟು ಸಮವಾಗಿತ್ತು. ಒಬ್ಬ ಮನುಷ್ಯನ ಕೈ ಇಷ್ಟು ಪೂರ್ತಿಯಾಗಿ ಅಳಿಸಬಲ್ಲದೇ ಎಂದು ಬೆರಗಾಗಿ ಇನ್ನೊಮ್ಮೆ ಸವರಿದೆ. ಸಹನ ನೆಲದ ಮೇಲೆ ಕೂತು ಅಳತೊಡಗಿದಳು. ಎರಡು ವರ್ಷ ಆ ನೆಗ್ಗನ್ನು ನೋಡಲಾರದೆ ತಿರುಗಿಕೊಂಡವಳು ಈಗ ಅದು ಇಲ್ಲವೆಂದು ಅಳುತ್ತಿದ್ದಳು.

ಮುನಿರಾಜು ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಚಕ್ರದ ಮೇಲಿನ ಸಂದಿಯನ್ನು ತೋರಿಸಿದರು.

"ಹೊರಗೆ ಹುಡುಕ್ಬೇಡಮ್ಮ. ಇಲ್ಲಿ ಒಳಗೆ ಕೈ ಹಾಕು. ಮೇಲೆ ನಾವು ಎಷ್ಟೇ ಲೆವೆಲ್ ಮಾಡಿದ್ರೂ ಒಳಗಡೆ ಹಾಗೇ ಇರತ್ತೆ. ಅಲ್ಲಿ ಯಾರೂ ಉಜ್ಜಲ್ಲ."

ಸಹನ ಕಣ್ಣೊರೆಸಿಕೊಂಡು ಒಳಗೆ ಕೈ ಹಾಕಿದಳು. ಮೊದಲು ತಡಕಾಡಿದಳು. ಆಮೇಲೆ ಅವಳ ಕೈ ಒಂದು ಕಡೆ ನಿಂತಿತು. ಇನ್ನೊಂದು ಕೈಯಿಂದ ನನ್ನ ಕೈ ಹಿಡಿದೆಳೆದು ಅಲ್ಲಿಗೆ ತಂದಳು. ತಣ್ಣನೆಯ ತಗಡಿನ ಮೇಲೆ, ಊಟದ ತಟ್ಟೆಯಷ್ಟು ಅಗಲಕ್ಕೆ, ಸುತ್ತಿಗೆಯ ಸಣ್ಣ ಸಣ್ಣ ಗುಂಡಿಗಳು ಒತ್ತೊತ್ತಾಗಿದ್ದವು. ಅದರ ಅಂಚಿನಲ್ಲಿ ತಗಡು ಮಡಿಚಿಕೊಂಡಿದ್ದ ಗೆರೆಯೂ ಕೈಗೆ ಸಿಕ್ಕಿತು. ಎಲ್ಲಿ ಶುರುವಾಗಿ ಎಲ್ಲಿ ಮುಗಿದಿತ್ತೋ ಅಷ್ಟೂ ಅಲ್ಲಿತ್ತು. ಏನೂ ಹೋಗಿರಲಿಲ್ಲ.

ತಾಯಿ ಮಗಳು ಇಬ್ಬರೂ ರಸ್ತೆ ಬದಿಯಲ್ಲಿ ಕಾರಿನ ಸಂದಿಯೊಳಗೆ ಕೈಯಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆವೋ. ಹೋಗುವ ಬರುವವರು ಏನು ಕಳೆದುಹೋಯಿತು ಆಂಟಿ ಎಂದು ಕೇಳುತ್ತಿದ್ದರು. ಕೊನೆಗೆ ಸಹನ ಎದ್ದು, ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡು, ಮುನಿರಾಜುವಿನ ಮುಂದೆ ಕೀಗಾಗಿ ಕೈಚಾಚಿದಳು.

ಮೊದಲು ನಮ್ಮ ಬೀದಿಯಲ್ಲೇ ಒಂದು ಸುತ್ತು ಹಾಕಿದಳು. ಎರಡು ಸಲ ಇಂಜಿನ್ ಆಫ್ ಆಯಿತು. ನಾನು ಪಕ್ಕದಲ್ಲಿ, ಅವತ್ತು ಅವಳು ಕೂತಿದ್ದ ಸೀಟಿನಲ್ಲಿ ಕೂತಿದ್ದೆ. ಆಮೇಲೆ ಅವಳೇ ಮೈಸೂರು ರೋಡಿಗೆ ತಿರುಗಿಸಿದಳು. ಆ ಕಂಬ ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ಅದು ಬಂದಾಗ ಅವಳು ನಿಧಾನ ಮಾಡಿದಳು, ನಿಲ್ಲಿಸಲಿಲ್ಲ. ಕೆಂಗೇರಿಯವರೆಗೆ ಹೋಗಿ ಎಳನೀರು ಕುಡಿದು ವಾಪಸ್ಸು ಬಂದೆವು.

ಅಂಗಡಿಗೆ ನಾನು ಗಾಜಿನ ಬಾಗಿಲು ಹಾಕಿಸಲಿಲ್ಲ. ಧೂಳು ಈಗಲೂ ಬರುತ್ತದೆ, ನಾನು ಈಗಲೂ ಕೂಗಾಡುತ್ತೇನೆ, ಮುನಿರಾಜು ಈಗಲೂ ರೇಡಿಯೋ ಜೋರು ಮಾಡುತ್ತಾರೆ. ಆದರೆ ಎದುರಿನಿಂದ "ಅಕ್ಕಾ, ಷಟ್ಟರ್" ಎಂದರೆ ಬೈಯುವುದನ್ನು ಅರ್ಧಕ್ಕೆ ಬಿಟ್ಟು ಇಳಿಸುತ್ತೇನೆ. ಯಾರದೋ ಕಾರಿನ ಯಾವುದೋ ನೆಗ್ಗು ಅಲ್ಲಿ ಸಮವಾಗುತ್ತಿರುತ್ತದೆ, ಅದರ ಒಳಗೆ ಏನಿದೆಯೋ ಯಾರಿಗೆ ಗೊತ್ತು ಎಂದು ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲುತ್ತೇನೆ.

ಸಹನ ಈಗ ಕೆಲಸಕ್ಕೆ ಕಾರಿನಲ್ಲೇ ಹೋಗಿ ಬರುತ್ತಾಳೆ. ಶುಕ್ರವಾರ ಮಾತ್ರ ನಾನು ಬರುವವರೆಗೆ ಹೊರಡುವುದಿಲ್ಲ. ಬಟ್ಟಲು ಹಿಡಿದುಕೊಂಡು ಬಂದು, ಮಂಡಿಯೂರಿ, ಚಕ್ರದ ಮೇಲಿನ ಸಂದಿಯಿಂದ ಒಳಗೆ ಕೈ ಹಾಕುತ್ತೇನೆ. ಬೆರಳಿಗೆ ಆ ಗುಂಡಿಗಳು ಸಿಗುತ್ತವೆ. ಅಲ್ಲಿ ಕುಂಕುಮ ಇಡುತ್ತೇನೆ. ಅದನ್ನು ಒರೆಸುವುದಿಲ್ಲ.